ಹೃದಯ ಎದೆಮೂಳೆಗೆ ಅಂಟದಿರಲು: ತಡೆಪದರವನ್ನು ಮೊಲದಲ್ಲಿ ಪರೀಕ್ಷಿಸುವುದು ಹೇಗೆ?

ಒಮ್ಮೆ ಹೃದಯದ ಶಸ್ತ್ರಚಿಕಿತ್ಸೆಯಾದ ಎದೆಯನ್ನು ಮತ್ತೆ ತೆರೆಯುವಾಗ ಸರ್ಜನ್‌ಗೆ ಭಯ ಗರಗಸದ್ದೇ. ಹೃದಯ ಎದೆಮೂಳೆಯ ಹಿಂಬದಿಗೆ ಅಂಟಿದ್ದರೆ ಮೂಳೆಯೊಂದಿಗೆ ಬಲ ಹೃತ್ಕುಕ್ಷಿಯೂ ಸೀಳಬಹುದು. ಗಾಯದ ಮೇಲೆ ಒಸರುವ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಎಳೆಗಳು) ಬೇಗ ಕರಗದಿದ್ದರೆ ನಾರುಕೋಶಗಳು ಅದರೊಳಗೆ ನುಗ್ಗಿ ಕೊಲಾಜನ್ ನೇಯುತ್ತವೆ. ಹೊರಮೈಯ ತೆಳು ಕೋಶಪದರ ಮತ್ತೆ ಬೆಳೆಯಲು ಸುಮಾರು 7ರಿಂದ 10 ದಿನ ಬೇಕು. ಅಷ್ಟು ದಿನ ಹೃದಯಕ್ಕೂ ಮೂಳೆಗೂ ನಡುವೆ ಕದಲದೆ ನಿಲ್ಲುವ ತಡೆಪದರ ಬೇಕು.

ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ‘ಫಾರ್ಮ್ ಬಿ’ ಅರ್ಜಿ. ಅದಕ್ಕೂ ಮುನ್ನ ಮೇಜಿನ ಮೇಲೆ ಮುಗಿಯುವ ಪರೀಕ್ಷೆಗಳನ್ನು ಮುಗಿಸಿ: ಐಎಸ್‌ಒ 10993-5 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಕೋಶವಿಷತ್ವ (ವಸ್ತು ಕೋಶಗಳನ್ನು ಕೊಲ್ಲುತ್ತದೆಯೇ ಎಂಬುದು), 37 ಡಿಗ್ರಿಯ ಬಫರ್ ದ್ರಾವಣದಲ್ಲಿ ಕರಗುವ ಅವಧಿ, ಉಬ್ಬುವ ಪ್ರಮಾಣ. ಉಬ್ಬುವಿಕೆಯನ್ನು ಹಗುರವಾಗಿ ಕಾಣಬೇಡಿ. ಮುಚ್ಚಿದ ಹೃದಯಚೀಲದೊಳಗೆ ಜೆಲ್ ರೂಪದ ಪದರ ಊದಿದರೆ ಹೃದಯ ಹಿಗ್ಗಲು ಜಾಗವಿಲ್ಲದೆ ಪ್ರಾಣಿ ಸಾಯುತ್ತದೆ.

2.5ರಿಂದ 3.5 ಕೆ.ಜಿ. ತೂಕದ ನ್ಯೂಜಿಲೆಂಡ್ ಬಿಳಿ ಮೊಲ ಅನುಕೂಲ. ನಡುಗೆರೆಯಲ್ಲೇ ಎಚ್ಚರದಿಂದ ಸಾಗಿದರೆ ಶ್ವಾಸಕೋಶದ ಚೀಲಗಳನ್ನು ಮುಟ್ಟದೆ ಹೃದಯ ತಲುಪಬಹುದು. ಮೊಲ ವಾಂತಿ ಮಾಡುವುದಿಲ್ಲ. ರಾತ್ರಿಯಿಡೀ ಉಪವಾಸ ಬೇಡ. ಅರಿವಳಿಕೆಗೆ ಸ್ನಾಯುವಿಗೆ ಕೆಟಮಿನ್ ಕೆ.ಜಿ.ಗೆ 35 ಮಿ.ಗ್ರಾಂ, ಝೈಲಝಿನ್ 5 ಮಿ.ಗ್ರಾಂ; ಬಳಿಕ ಶ್ವಾಸನಳಿಕೆ ಹಾಕಿ ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲ. ಜೊಲ್ಲು ತಡೆಯಲು, ಹೃದಯದ ಬಡಿತ ಕುಸಿಯದಿರಲು ಕೊಡುವ ಅಟ್ರೊಪಿನ್ ಅನ್ನು ಒಡೆಯುವ ಕಿಣ್ವ ಹಲವು ಮೊಲಗಳ ರಕ್ತದಲ್ಲಿರುವುದರಿಂದ ಅದೇ ಕೆಲಸದ ಗ್ಲೈಕೊಪೈರೊಲೇಟ್ ನೆಚ್ಚಿಕೊಳ್ಳುವುದು ವಾಸಿ. ಪೌಡರ್ ಇರುವ ಗ್ಲೌಸ್ ಕೂಡದು, ಆ ಪುಡಿಯೇ ಅಂಟಿಕೆ ಹುಟ್ಟಿಸುತ್ತದೆ.

ಇನ್ನು ಪ್ರಯೋಗದ ಜೀವಾಳ: ಎಲ್ಲ ಮೊಲಗಳಿಗೂ ಒಂದೇ ಬಗೆಯ ಗಾಯ. ಹೃದಯಚೀಲ ಬಿಡಿಸಿ, ಹೃದಯದ ಮುಂಬದಿಯಲ್ಲಿ 1.5 ಸೆಂ.ಮೀ. ಚೌಕದಷ್ಟು ಜಾಗವನ್ನು ಒಣ ಗಾಜ್‌ನಿಂದ ಎಣಿಸಿ 50 ಸಲ ಉಜ್ಜಿ ಎನ್ನೋಣ. ಹೊಳಪು ಹೋಗಿ ಚುಕ್ಕಿಯಾಗಿ ರಕ್ತ ಜಿನುಗಿದರೆ ಸಾಕು. ಪರಿಧಮನಿಗಳನ್ನು ತಪ್ಪಿಸಿ, ಇಸಿಜಿಯಲ್ಲಿ ಲಯ ತಪ್ಪಿದರೆ ಕೈ ತಡೆಯಿರಿ. ಆ ಮೊಲ ಯಾವ ಗುಂಪಿಗೆ (ಪದರ ಹಾಕುವುದಕ್ಕೋ, ಬರೀ ಗಾಯಕ್ಕೋ) ಸೇರಿದ್ದು ಎಂದು ತಿಳಿಸುವ ಮುಚ್ಚಿದ ಲಕೋಟೆಯನ್ನು ಒಡೆಯಬೇಕಾದದ್ದು ಇದೆಲ್ಲ ಆದ ಮೇಲೆ. ಮೊದಲೇ ಗೊತ್ತಾದರೆ, ‘ನಮ್ಮ ಪದರ’ದ ಮೊಲಕ್ಕೆ ಕೈ ತಾನಾಗಿಯೇ ಮೃದುವಾಗುತ್ತದೆ.

ಗುಂಪುಗಳು ಕನಿಷ್ಠ ಮೂರು: ಬರೀ ಗಾಯ, ಹೊಸ ಪದರ, ಈಗಾಗಲೇ ಬಳಕೆಯಲ್ಲಿರುವ ಪದರ. ಪದರ ಗಾಯದ ಅಂಚಿನಿಂದ 5 ಮಿ.ಮೀ. ಹೊರಗೆ ಚಾಚಲಿ. ಹಯಲುರೊನಿಕ್ ಆಮ್ಲದ ಹಾಳೆಗಳು ಒದ್ದೆ ಗ್ಲೌಸಿಗೇ ಅಂಟಿ ಮುದುಡುತ್ತವೆ. ಒಣ ಚಿಮಟ ಬಳಸಿ. ಮೂಲೆಗಳಿಗೆ 6-0 ಪಾಲಿಪ್ರೊಪಿಲೀನ್ (ಬಹಳ ತೆಳುವಾದ, ಕರಗದ ದಾರ) ಹೊಲಿಗೆ ಹಾಕಿದರೆ ಬರೀ ಗಾಯದ ಗುಂಪಿಗೂ ಅಷ್ಟೇ ಹೊಲಿಗೆ ಹಾಕಿ, ಏಕೆಂದರೆ ದಾರವೂ ಅಂಟಿಕೆ ತರುತ್ತದೆ.

ನೋವಿಗೆ ಬ್ಯುಪ್ರೆನಾರ್ಫಿನ್, ಕೆ.ಜಿ.ಗೆ 0.03 ಮಿ.ಗ್ರಾಂ, 8-12 ಗಂಟೆಗೊಮ್ಮೆ. ಮೆಲಾಕ್ಸಿಕ್ಯಾಮ್‌ನಂಥ ನೋವುನಿವಾರಕಗಳು ಉರಿಯೂತವನ್ನೇ ತಗ್ಗಿಸುವುದರಿಂದ ಕೊಟ್ಟರೆ ಎಲ್ಲ ಗುಂಪಿಗೂ ಒಂದೇ ಲೆಕ್ಕ. ಮೇವು ಬಿಟ್ಟ ಮೊಲದ ಕರುಳು ಬೇಗ ನಿಲ್ಲುತ್ತದೆ, ಹಿಕ್ಕೆಯನ್ನು ದಿನವೂ ನೋಡಿ.

ನಾಲ್ಕು ವಾರದ ನಂತರ ದಯಾಮರಣ. ಎದೆಯನ್ನು ನಡುವೆ ಕತ್ತರಿಸಿದರೆ ಅಳೆಯಬೇಕಾದ ಅಂಟಿಕೆಯೇ ಹರಿದುಹೋಗುತ್ತದೆ. ಪಕ್ಕೆಲುಬುಗಳ ಕಡೆಯಿಂದ ಬಿಡಿಸಿ. ಗುಂಪು ಗೊತ್ತಿಲ್ಲದ ಇಬ್ಬರು ಅಂಕ ಕೊಡಲಿ: ಅಂಟಿಕೆ ಇಲ್ಲದಿದ್ದರೆ 0, ಬೆರಳಿಗೇ ಬಿಡುವ ಪೊರೆಗೆ 1, ಬಲ ಬೇಕಾದರೆ 2, ಕತ್ತರಿಯೇ ಬೇಕಾದರೆ 3. ಅಂಟಿದ ವಿಸ್ತೀರ್ಣವನ್ನು ಬೇರೆಯಾಗಿ ಬರೆಯಿರಿ. ಇವು ದರ್ಜೆಗಳು, ಸರಾಸರಿ ತೆಗೆದು ಟಿ-ಟೆಸ್ಟ್ ಮಾಡುವ ಬದಲು ದರ್ಜೆಗಳನ್ನೇ ಹೋಲಿಸುವ ಮಾನ್-ವಿಟ್ನಿಯಂಥ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಿ. ನಡುವೆ ಸತ್ತ ಮೊಲಗಳನ್ನೂ ಕಾರಣ ಸಹಿತ ವರದಿಯಲ್ಲಿ ಸೇರಿಸಿ.

ಕೊನೆಗೆ ಅಂಗಾಂಶದ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ: ಮ್ಯಾಸನ್ಸ್ ಟ್ರೈಕ್ರೋಮ್ ಬಣ್ಣದಲ್ಲಿ ಕೊಲಾಜನ್ ನೀಲಿಯಾಗಿ ಕಾಣುತ್ತದೆ. ಅಂಕ ಸೊನ್ನೆ ಬಂದರೂ ಇದನ್ನು ಬಿಡುವಂತಿಲ್ಲ. ಕರಗದ ಪದರಗಳು ಮೂಳೆಗೆ ಅಂಟಲು ಬಿಡದೆ ಹೃದಯದ ಮೈಮೇಲೆ ದಪ್ಪ ನಾರಿನ ಹೊದಿಕೆ ಬೆಳೆಸುವುದುಂಟು. ಆಗ ಎದೆ ಸಲೀಸಾಗಿ ತೆರೆಯುತ್ತದೆ, ಆದರೆ ಬೈಪಾಸ್ ಮಾಡಬೇಕಾದ ಪರಿಧಮನಿ ಎಲ್ಲಿದೆಯೆಂದು ಕಾಣುವುದಿಲ್ಲ.