ಅನುದಾನ ಅನಿಶ್ಚಿತವಾದಾಗ ಸ್ವಯಂಸೇವಾ ಸಂಸ್ಥೆಯನ್ನು ಮುನ್ನಡೆಸುವ ಬಗೆ

2025ರ ಜನವರಿಯಲ್ಲಿ ಅಮೆರಿಕ ಸರ್ಕಾರವು ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ, ಒಂದೇ ದಾನಿಯನ್ನು ನೆಚ್ಚಿಕೊಂಡಿದ್ದ ಸಂಸ್ಥೆಗಳು ಭಾರತದಲ್ಲಿಯೂ ಇಕ್ಕಟ್ಟಿಗೆ ಸಿಲುಕಿದವು. ಇಂಥ ಹೊತ್ತಿನಲ್ಲಿ ಮೊದಲು ಮುಂದಿನ ಹನ್ನೆರಡು ತಿಂಗಳ ನಗದು ಲೆಕ್ಕವನ್ನು ಬರೆಯಿರಿ. ಒಪ್ಪಂದಕ್ಕೆ ಸಹಿ ಬಿದ್ದಿರುವ ಹಣವನ್ನೂ ಮಾತಿನಲ್ಲಷ್ಟೇ ಇರುವ ಹಣವನ್ನೂ ಬೇರೆ ಬೇರೆ ಸಾಲುಗಳಲ್ಲಿ ತೋರಿಸಿ, ಸಂಬಳದ ಹೊಣೆಯನ್ನು ಮೊದಲನೆಯದರ ಮೇಲೆ ಮಾತ್ರ ನಿಲ್ಲಿಸಿ.

ಹಣದ ಮೂಲಕ್ಕೆ ತಕ್ಕಂತೆ ಅದರ ಕಟ್ಟುಪಾಡುಗಳೂ ಬೇರೆಯಾಗುತ್ತವೆ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯಲ್ಲಿ ಶೇ. 20ಕ್ಕಿಂತ ಹೆಚ್ಚನ್ನು ಆಡಳಿತ ವೆಚ್ಚಕ್ಕೆ ಬಳಸುವಂತಿಲ್ಲ, ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಆದ್ದರಿಂದ ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳದಂಥ ಖರ್ಚುಗಳಿಗೆ ಊರಿನ ಸಣ್ಣ ದಾನಿಗಳನ್ನು ಈಗಿನಿಂದಲೇ ಹುಡುಕಬೇಕು. ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕೊಡಬೇಕಾದ ಸಿಎಸ್ಆರ್ ಹಣ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ. 2 ಆಗಿರುವುದರಿಂದ ಆರ್ಥಿಕ ಹಿಂಜರಿತದ ಪೆಟ್ಟು ಅಲ್ಲಿ ತಡವಾಗಿ, ಆದರೆ ಖಂಡಿತವಾಗಿ ತಗಲುತ್ತದೆ. ಮಾರ್ಚ್ ಮುಗಿಯುವ ಮೊದಲೇ ಮುಂದಿನ ವರ್ಷದ ಮಾತುಕತೆ ನಡೆಸಿ.

ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯು ಆದಾಯದ ಶೇ. 15ರವರೆಗೆ ಉಳಿಸಿಕೊಳ್ಳಬಹುದು, ಒಳ್ಳೆಯ ವರ್ಷಗಳಲ್ಲಿ ಈ ಅವಕಾಶವನ್ನು ಬಿಡಬೇಡಿ.

ಕಾರ್ಯಕ್ರಮವನ್ನು ಕಡಿತಗೊಳಿಸಲೇಬೇಕಾದರೆ ಎಲ್ಲವನ್ನೂ ಸಮನಾಗಿ ಕುಗ್ಗಿಸುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹಾಗೆ ಮಾಡಿದಾಗ ಯಾವ ಕೆಲಸವೂ ನೆಟ್ಟಗೆ ನಡೆಯುವುದಿಲ್ಲ. ಬೇರೆ ಯಾರೂ ಒದಗಿಸದ ಸೇವೆಯನ್ನು ಉಳಿಸಿಕೊಳ್ಳಿ. ಕ್ಷೇತ್ರ ಕಾರ್ಯಕರ್ತರಿಗೆ ನಿಜಸ್ಥಿತಿಯನ್ನು ಕನಿಷ್ಠ ಮೂರು ತಿಂಗಳು ಮುಂಚೆಯೇ ತಿಳಿಸಿ; ಅವರಿಗೂ ಮನೆಯ ಬಾಡಿಗೆ, ಮಕ್ಕಳ ಶುಲ್ಕಗಳಿರುತ್ತವೆ.