ಆಡುವವರು ಒಬ್ಬರೇ ಇದ್ದರೆ ಸಾಹಸದ ಆಟ ನಡೆಸುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ, ಬೀದರ್. ಅಕ್ಕನ ಮಗಳು ರಜೆಗೆ ಬಂದಿದ್ದಳು. ಕರೆಂಟು ಹೋಗಿತ್ತು, ಮೊಬೈಲಿನ ಚಾರ್ಜೂ ಮುಗಿದಿತ್ತು. ಆಗ ನೆನಪಾಗಿದ್ದು ಕಾಲೇಜಿನಲ್ಲಿ ಗೆಳೆಯರ ಜೊತೆ ಆಡುತ್ತಿದ್ದ ರೋಲ್‌ಪ್ಲೇ ಆಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದಕ್ಕೆ ಬೋರ್ಡು ಬೇಕಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಗೇಮ್ ಮಾಸ್ಟರ್ ಅಂತಾರೆ. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರ. "ನಿನ್ನ ಮುಂದೆ ಹೀಗಿದೆ, ಈಗ ಏನು ಮಾಡ್ತೀ?" ಅನ್ನುವುದೇ ಮುಕ್ಕಾಲು ಆಟ, ಏನಾಗುತ್ತದೋ ಗೊತ್ತಿಲ್ಲದ ಕಡೆ ಮಾತ್ರ ದಾಳ ಉರುಳಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಿಂದ ಈ ಹುಚ್ಚು ಹಬ್ಬಿತು. ನಾಲ್ಕೈದು ಜನ ಸೇರಿ ಆಡುವುದು ರೂಢಿ. ನಮ್ಮ ಮನೆಯಲ್ಲಿದ್ದದ್ದು ನಾನು ಮತ್ತು ಅವಳು, ಅಷ್ಟೇ.

ಮೊದಲ ದಿನ ಆಟ ಪೂರಾ ಕೆಟ್ಟಿತು. ಬೀಗ ಹಾಕಿದ ಒಂದು ಬಾಗಿಲು ಇಟ್ಟಿದ್ದೆ. ಅದು ತೆಗೆಯಲು ಬೇಕಾದ ಅಂಕಿ ದಾಳದಲ್ಲಿ ಬೀಳಲಿಲ್ಲ. ಮತ್ತೆ ಉರುಳಿಸಿದಳು, ಬೀಳಲಿಲ್ಲ. ಮೂರನೇ ಸಲವೂ ಅದೇ ಕಥೆ. "ಮಾಮಾ, ಈ ಬಾಗ್ಲಾ ತೆಗೀಲಿಲ್ಲಂದ್ರ ವಾಪಸ್ ಮನಿಗೆ ಹೋಗೋಣೇನು?" ಅಂದಳು. ನಾಲ್ಕು ಜನ ಇದ್ದಿದ್ದರೆ ಒಬ್ಬ ಗೋಡೆ ಹತ್ತುತ್ತಿದ್ದ, ಇನ್ನೊಬ್ಬ ಕಾವಲುಗಾರನಿಗೆ ಲಂಚ ಕೊಡುತ್ತಿದ್ದ. ಒಬ್ಬರೇ ಇದ್ದಾಗ ಅವರ ದಾಳ ಸೋತರೆ ಕಥೆಯೇ ನಿಂತು ಬಿಡುತ್ತದೆ. ಆಮೇಲೆ ನಾನು ಬದಲಾಯಿಸಿದ್ದೆಲ್ಲ ಈ ಒಂದು ತೊಂದರೆ ತಪ್ಪಿಸಲಿಕ್ಕೆ.

ಮೊದಲು ಪಾತ್ರ, ಆಮೇಲೆ ಕಥೆ

ಕಥೆ ಬರೆದುಕೊಂಡು ಕೂರಬೇಡಿ. ಮೊದಲು ಆಡುವವರ ಜೊತೆ ಹತ್ತು ನಿಮಿಷ ಮಾತಾಡಿ. ಮೂರು ಪ್ರಶ್ನೆ ಸಾಕು: ನೀನು ಯಾರು, ನಿನಗೆ ಏನು ಚೆನ್ನಾಗಿ ಬರುತ್ತದೆ, ಯಾರಿಗೆ ತೊಂದರೆಯಾದರೆ ನೀನು ಸುಮ್ನೆ ಕೂರುವುದಿಲ್ಲ? ನಮ್ಮ ಹುಡುಗಿ ಬಿದ್ರಿ ಕೆಲಸ ಕಲಿಯುವ ಹುಡುಗಿಯಾಗುತ್ತೇನೆ ಅಂದಳು. ಬಿದ್ರಿಯಲ್ಲಿ ಸತು, ತಾಮ್ರ ಬೆರೆಸಿದ ಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿ ಇದೆಯಾ ಅಂತ ಕೆಲಸಗಾರರು ನಾಲಿಗೆಗೆ ಹಚ್ಚಿ ನೋಡುವುದೂ ಉಂಟು. ಇದು ಕೇಳಿದ್ದೇ ತಡ, "ನನಗೂ ಮಣ್ಣಿನ ರುಚಿ ಗೊತ್ತು" ಅಂತ ಬರೆಸಿಕೊಂಡಳು. ಅವಳ ಗುರುವೇ ಕಾಣೆಯಾಗಿದ್ದಾನೆ ಅಂತ ನಾನು ಕಥೆ ಶುರು ಮಾಡಿದೆ. ಒಬ್ಬರೇ ಆಡುವುದರ ದೊಡ್ಡ ಲಾಭ ಇದೇ ನೋಡಿ. ಇಡೀ ಕಥೆಯನ್ನು ಒಬ್ಬರ ಅಳತೆಗೇ ಹೊಲಿಯಬಹುದು.

ಜಾಗಕ್ಕೆ ದೂರ ಹೋಗಬೇಡಿ. ಇಂಗ್ಲಿಷ್ ಆಟದ ಪುಸ್ತಕಗಳ ಹಿಮದ ಬೆಟ್ಟ, ಓಕ್ ಮರದ ಕಾಡು ನಮಗೆ ಕಣ್ಣಿಗೆ ಕಟ್ಟುವುದಿಲ್ಲ. ನಾನು ಆರಿಸಿದ್ದು ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ಕರೇಜ್. ನೆಲದೊಳಗೆ ಸುಮಾರು 3 ಕಿಲೋಮೀಟರ್ ಕಾಲುವೆ, ನಡುನಡುವೆ ಗಾಳಿ ಬೆಳಕಿಗೆ ಮೇಲಿನಿಂದ ತೋಡಿದ ಬಾವಿಗಳು. ಇದಕ್ಕಿಂತ ಒಳ್ಳೇ ನಕ್ಷೆ ಯಾರು ಬರೆದು ಕೊಡುತ್ತಾರೆ? ಕಾಲ 1472, ಬಹಮನಿ ಮಂತ್ರಿ ಮಹಮೂದ್ ಗವಾನ ಬೀದರ್‌ನಲ್ಲಿ ಕಟ್ಟಿಸಿದ ಮದರಸಾ ಮುಗಿದ ವರ್ಷ. ಈಗ ಒಂದೇ ಮಿನಾರು ನಿಂತಿದೆ, ನಮ್ಮ ಕಥೆಯಲ್ಲಿ ಎರಡೂ ಇವೆ. ಬಿದ್ರಿ ಆಗಲೇ ಇತ್ತಾ ಅಂತ ಇತಿಹಾಸದ ಮೇಷ್ಟ್ರು ಕೇಳಿದರೆ, ಆಟ ಅಂತ ಹೇಳಿ ಜಾರಿಕೊಳ್ಳಿ. ಕಲಬುರಗಿಯವರಿಗೆ ಅಲ್ಲಿನ ಕೋಟೆ ಇದೆ, ಯಾದಗಿರಿಯವರಿಗೆ ಬೆಟ್ಟದ ಮೇಲಿನ ಕೋಟೆ ಇದೆ.

ಒಂದು ಗುಟ್ಟು, ಮೂರು ಸುಳಿವು

ಒಬ್ಬರೇ ಯೋಚಿಸುವಾಗ ಒಂದು ಸುಳಿವು ಕಣ್ಣು ತಪ್ಪುವುದು ಬಹಳ ಸುಲಭ, ಪಕ್ಕದಲ್ಲಿ ಕೂತು "ಏ ಅದನ್ನ ನೋಡು" ಅನ್ನುವವರು ಇರುವುದಿಲ್ಲವಲ್ಲ. ಹಾಗಾಗಿ ಗೊತ್ತಾಗಲೇಬೇಕಾದ ವಿಷಯಕ್ಕೆ ಮೂರು ಬೇರೆ ಬೇರೆ ಸುಳಿವು ಇಡಿ. ಗುರು ಸುರಂಗದೊಳಗೆ ಇದ್ದಾನೆ ಅನ್ನುವುದಕ್ಕೆ ನಾನು ಇಟ್ಟದ್ದು ಇವು: ಗಾಳಿ ಬಾವಿಯ ಕಟ್ಟೆ ಮೇಲೆ ಹಗ್ಗ ಉಜ್ಜಿದ ಹೊಸ ಗುರುತು, ಗೋಡೆ ಮೇಲೆ ಕಪ್ಪು ಕೈ ಮುದ್ರೆ, ರಾತ್ರಿ ನೆಲದೊಳಗಿಂದ ಸುತ್ತಿಗೆ ಸದ್ದು ಕೇಳಿದ ದನ ಕಾಯುವ ಹುಡುಗ. ಅವಳು ಹಿಡಿದದ್ದು ಇವು ಯಾವುದೂ ಅಲ್ಲ. ಗುರುವಿನ ಚಪ್ಪಲಿಗೆ ಅಂಟಿದ ಮಣ್ಣು ನೆಕ್ಕಿ ನೋಡುತ್ತೇನೆ ಅಂದಳು. ಸರಿ, ಅದೂ ಒಂದು ಸುಳಿವಾಯಿತು. ಸಿಗಲೇಬೇಕಾದದ್ದಕ್ಕೆ ದಾಳ ಕೇಳಬೇಡಿ, ಹುಡುಕಿದರೆ ಕೊಟ್ಟುಬಿಡಿ.

ದಾಳದ ಲೆಕ್ಕ

ಇಂಥ ಆಟಗಳಲ್ಲಿ ಬಳಸುವ ಇಪ್ಪತ್ತು ಮುಖದ ದಾಳ ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಬೇಕಾಗಿಲ್ಲ. ಲೂಡೋ ಡಬ್ಬಿಯ ಎರಡು ದಾಳ ಉರುಳಿಸಿ ಕೂಡಿಸಿ. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಕಳೆದುಕೊಳ್ಳಬೇಕು. 6 ಅಥವಾ ಕಡಿಮೆ ಬಂದರೆ ಹೊಸ ತೊಂದರೆ. ಈ ಮೂರು ಮೆಟ್ಟಿಲಿನ ಲೆಕ್ಕ ನನ್ನದಲ್ಲ, ಈಚಿನ ಎಷ್ಟೋ ಆಟಗಳಲ್ಲಿ ಇದೆ. ಎರಡು ದಾಳ 36 ರೀತಿ ಬೀಳಬಹುದು. ಅದರಲ್ಲಿ ಪೂರ್ತಿ ಗೆಲುವು 6, ಅರ್ಧ ಗೆಲುವು 15, ತೊಂದರೆ 15. ಪಾತ್ರಕ್ಕೆ ಚೆನ್ನಾಗಿ ಬರುವ ಕೆಲಸವಾದರೆ ಒಂದು ಸೇರಿಸಿ, ಆಗ 10, 16, 10 ಆಗುತ್ತದೆ. ಒಂದೇ ಒಂದು ಅಂಕಿಗೆ ಎಷ್ಟು ಫರಕು ನೋಡಿ.

ಇಲ್ಲೇ ಆ ಬಾಗಿಲಿನ ಪರಿಹಾರವೂ ಇದೆ. 6 ಬಿದ್ದರೆ "ತೆಗೆಯಲಿಲ್ಲ" ಅಂತ ಹೇಳಬೇಡಿ. ಬಾಗಿಲು ತೆಗೆಯಿತು, ಆದರೆ ಕಿರ್ರ್ ಅಂದ ಸದ್ದಿಗೆ ಒಳಗೆ ಯಾರೋ ದೀಪ ಆರಿಸಿದರು ಅನ್ನಿ. ಅಥವಾ ತೆಗೆಯುವ ಮೊದಲೇ ಆಚೆ ಕಡೆಯಿಂದ ಯಾರೋ ತೆಗೆದರು ಅನ್ನಿ. ಎರಡನೆಯದು ಕೇಳಿ ನಮ್ಮ ಹುಡುಗಿ ದಿಂಬು ತಬ್ಬಿಕೊಂಡಿದ್ದಳು. ಒಂದೇ ಕೆಲಸಕ್ಕೆ ಎರಡನೇ ಸಲ ಉರುಳಿಸಲು ಬಿಡಬೇಡಿ, ಮೊದಲ ಸಲವೇ ಏನಾದರೂ ಬದಲಾಗಬೇಕು.

ಜೊತೆಗೊಬ್ಬರನ್ನು ಕೊಡಿ. ಆದರೆ ಆಡುವವರಿಗಿಂತ ಜಾಣರನ್ನಲ್ಲ. ನಾನು ಕತ್ತಲಿಗೆ ಹೆದರುವ ಒಬ್ಬ ಮುತ್ಯಾನನ್ನು, ಅಂದರೆ ಅಜ್ಜನನ್ನು ಕೊಟ್ಟೆ. ಕಾಲುವೆ ಸ್ವಚ್ಛ ಮಾಡುವವನು, ದಾರಿ ಗೊತ್ತು, ಧೈರ್ಯ ಇಲ್ಲ. ಅವನು ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ: "ಯವ್ವಾ, ಮೇಲೆ ಹೋಗೋದೋ ಒಳಗೆ ಹೋಗೋದೋ?" ಆಡುವವರು ಸುಮ್ಮನಾದಾಗ ಈ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಮುತ್ಯಾನ ದಾಳವನ್ನೂ ಅವಳ ಕೈಗೇ ಕೊಡಿ, ಇಲ್ಲದಿದ್ದರೆ ನಿಮ್ಮ ಪಾತ್ರಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ಅವಳು ಆಕಳಿಸುತ್ತಾಳೆ.

ಜಗಳದಲ್ಲಿ ಎಚ್ಚರ. ನಾಲ್ಕು ಜನರ ಎದುರು ಮೂವರು ಕಳ್ಳರು ಇದ್ದರೆ ನಡೆಯುತ್ತದೆ, ಒಬ್ಬರ ಎದುರು ಅದೇ ಮೂವರು ಬಂದರೆ ಒಂದು ಏಟು ಹೊಡೆಯುವಷ್ಟರಲ್ಲಿ ಮೂರು ಏಟು ತಿನ್ನಬೇಕು, ಪುಸ್ತಕದ ಸಾಹಸವನ್ನು ಹಾಗೇ ತಂದು ಆಡಿಸಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಎದುರಾಳಿ ಒಬ್ಬನೇ ಇರಲಿ. ಅವನಿಗೆ ಕೊಲ್ಲುವುದಕ್ಕಿಂತ ಬೇರೆ ಏನೋ ಬೇಕಿರಲಿ. ನಮ್ಮ ಕಳ್ಳನಿಗೆ ಬೇಕಾಗಿದ್ದದ್ದು ಗುರುವಿನ ಕೈಕೆಲಸದ ಹುಕ್ಕಾ. ಸೋತರೆ ಸಾವಲ್ಲ, ಸೆರೆ. ಸೆರೆ ಸಿಕ್ಕವಳು ತಪ್ಪಿಸಿಕೊಳ್ಳಬೇಕು, ಅಲ್ಲಿಗೆ ಮುಂದಿನ ಭಾಗ ತಾನಾಗಿಯೇ ಸಿದ್ಧ.

ನಿಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಬರುತ್ತದೆ. "ಇಲ್ಲಿ ಬಾವಲಿ ಇವೆಯಾ?" ಒಂದು ದಾಳ ಹಾಕಿ. 4, 5, 6 ಬಿದ್ದರೆ ಹೌದು.

ಸಮಯ ಒಂದೂವರೆ ಗಂಟೆ ಮೀರಬಾರದು. ಗುಂಪಿನಲ್ಲಾದರೆ ಬೇರೆಯವರ ಸರದಿಯಲ್ಲಿ ಚಹಾ ಕುಡಿಯಬಹುದು. ಇಲ್ಲಿ ಇಬ್ಬರಿಗೂ ಬಿಡುವಿಲ್ಲ, ಒಂದು ಗಂಟೆಗೇ ತಲೆ ಬಿಸಿಯಾಗುತ್ತದೆ. ನಡುವೆ ಎದ್ದು ಸುಸಲಾ ತಿನ್ನಿ, ಅಷ್ಟರಲ್ಲಿ ಮುಂದೇನು ಅಂತ ಯೋಚಿಸಿಕೊಳ್ಳಲು ನಿಮಗೂ ಸಮಯ ಸಿಗುತ್ತದೆ. ನಿಲ್ಲಿಸುವಾಗ ಅವರು ಏನೋ ನಿರ್ಧಾರ ಮಾಡಬೇಕಾದ ಜಾಗದಲ್ಲೇ ನಿಲ್ಲಿಸಿ, ಏನಾಯಿತು ಅಂತ ಎರಡು ಸಾಲು ಅವರ ಕೈಯಲ್ಲೇ ಬರೆಸಿ. ನಾನು ನಿಲ್ಲಿಸಿದ್ದು ಕಾಲುವೆ ಎರಡಾಗಿ ಒಡೆಯುವ ಕಡೆ: ಒಂದರಲ್ಲಿ ನೀರಿದೆ, ಇನ್ನೊಂದರಲ್ಲಿ ಬೆಳಕಿದೆ. ಮರುದಿನ ಬೆಳಿಗ್ಗೆ ಅವಳು ತುಳಸಿ ಕಟ್ಟೆಯ ಮಣ್ಣು ನಾಲಿಗೆಗೆ ಹಚ್ಚುವುದನ್ನು ಅಕ್ಕ ನೋಡಿದಳು. ಬೈಗುಳ ಬಿದ್ದದ್ದು ಮಾತ್ರ ನನಗೆ.