ಮಳೆಗಾಲದಲ್ಲಿ ಹೇಂಟೆ ಕಾಲು ಸೋತು ಕೂತರೆ

ಕೋಳಿ ಕಾಲೂರುತ್ತಿಲ್ಲ ಎಂದರೆ ಎಲ್ಲರೂ ಮೊದಲು ತರುವುದು ವಿಟಮಿನ್ ಬಾಟಲಿ. ಕೊಡಗಿನ ಹಿತ್ತಲಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆ ಊಹೆ ಎಷ್ಟೋ ಸಲ ಸರಿಯೇ ಆಗಿರುತ್ತದೆ. ಆದರೂ ಬಾಟಲಿ ಬಿಚ್ಚುವ ಮೊದಲು ಹತ್ತು ನಿಮಿಷ ಕೋಳಿಯನ್ನು ಮಡಿಲಲ್ಲಿಟ್ಟು ನೋಡಿ. ವಿಟಮಿನ್‌ಗೆ ಜಗ್ಗದ ಕಾಯಿಲೆಗಳೂ ಇದೇ ರೀತಿ ಶುರುವಾಗುತ್ತವೆ.

ಮೊದಲ ಕೆಲಸ, ಉಳಿದ ಕೋಳಿಗಳಿಂದ ಅದನ್ನು ಬೇರೆ ಮಾಡುವುದು. ಆಮೇಲೆ ಅಂಗಾಲು ತಿರುಗಿಸಿ ನೋಡಿ: ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಅದು ಕೀವಿನ ಗಡ್ಡೆ. ಗಂಟುಗಳು ಬಿಸಿಯಾಗಿವೆಯೇ, ಮೂಳೆ ಮುರಿದಿದೆಯೇ ಎಂದು ಎರಡು ಕಾಲನ್ನೂ ಹೋಲಿಸಿ ಮುಟ್ಟಿ. ಹೊಟ್ಟೆಯ ಹಿಂಭಾಗದಲ್ಲಿ ಗಟ್ಟಿ ಮೊಟ್ಟೆ ಸಿಕ್ಕಿ, ಕೋಳಿ ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಹಾಕಿಕೊಂಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಿಂಭಾಗ ಮುಳುಗುವಂತೆ 15–20 ನಿಮಿಷ ಕೂರಿಸಿ, ಒತ್ತಿ ತೆಗೆಯಲು ಹೋಗಬೇಡಿ.

ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿರುವ ಎಳೆ ಕೋಳಿಯಾದರೆ ಮಾರೆಕ್ಸ್ ಕಾಯಿಲೆಯ ಶಂಕೆ ಬಲವಾಗಬೇಕು. ಅದಕ್ಕೆ ಔಷಧಿ ಇಲ್ಲ, ಮರಿ ಹುಟ್ಟಿದ ದಿನ ಹಾಕುವ ಲಸಿಕೆ ಮಾತ್ರ ಇದೆ. ಹಸಿರು ಭೇದಿ, ಉಸಿರಾಟದ ಕಷ್ಟ, ತಿರುಚಿದ ಕುತ್ತಿಗೆ, ಜೊತೆಗೆ ಬೇರೆ ಕೋಳಿಗಳೂ ಮಂಕಾಗಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. ಕಾಫಿ ತೋಟಕ್ಕೆ ಕೀಟನಾಶಕ ಹೊಡೆದ ಮಾರನೇ ದಿನವೇ ಕೋಳಿ ಜೊಲ್ಲು ಸುರಿಸುತ್ತ, ನಡುಗುತ್ತ ಬಿದ್ದಿದ್ದರೆ ಅದು ವಿಷ. ಮನೆಮದ್ದಿಗೆ ಗಂಟೆಗಳನ್ನು ಕಳೆಯಬೇಡಿ.

ಇವು ಯಾವುವೂ ಅಲ್ಲದೆ, ಕಣ್ಣು ಚುರುಕಾಗಿದ್ದು, ಮೇವಿಗೆ ಬಾಯಿ ಹಾಕುತ್ತಿದ್ದು, ಕಾಲು ಮಾತ್ರ ಸೋತಿದ್ದರೆ ಕೊರತೆಯ ಕಡೆ ನೋಡಿ. ಬೆರಳುಗಳು ಒಳಕ್ಕೆ ಮುಷ್ಟಿ ಕಟ್ಟಿ, ಮರಿ ಕಾಲಿನ ಗಂಟಿನ ಮೇಲೆ ನಡೆದರೆ ವಿಟಮಿನ್ ಬಿ2 ಕೊರತೆ. ಕುತ್ತಿಗೆ ಬೆನ್ನಿಗೆ ಬಾಗಿ, ಮುಖ ಆಕಾಶಕ್ಕೆ ಎತ್ತಿದ್ದರೆ ಬಿ1. ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆ ತೆಳು ಚಿಪ್ಪಿನ ಮೊಟ್ಟೆ ಇಟ್ಟು ಒಂದು ಬೆಳಿಗ್ಗೆ ಏಳದೇ ಹೋದರೆ ಕ್ಯಾಲ್ಸಿಯಂ, ಡಿ3.

ಇವು ನಮ್ಮಲ್ಲೇ ಯಾಕೆ ಹೆಚ್ಚು? ಕಡಂಬುಟ್ಟು (ಅಕ್ಕಿ ಕಡುಬು), ಒಟ್ಟಿ (ಅಕ್ಕಿ ರೊಟ್ಟಿ), ಅನ್ನ, ನುಚ್ಚು: ಅಡುಗೆಮನೆಯಿಂದ ಕೋಳಿಗೆ ಬೀಳುವುದೆಲ್ಲ ಪಾಲಿಶ್ ಆದ ಅಕ್ಕಿಯೇ. ಬೇಸಿಗೆಯಲ್ಲಿ ಕೋಳಿ ಹುಳ, ಸೊಪ್ಪು ಕೆದಕಿ ಸರಿದೂಗಿಸಿಕೊಳ್ಳುತ್ತದೆ. ಜಡಿಮಳೆಯಲ್ಲಿ ಗೂಡಿನೊಳಗೇ ಕೂತರೆ ಅಕ್ಕಿಯೊಂದೇ ಗತಿ. 1890ರ ದಶಕದಲ್ಲಿ ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಕಂಡದ್ದೂ ಇದನ್ನೇ. ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಸೋತವು, ತೌಡು ಉಳಿದ ಅಕ್ಕಿ ಕೊಟ್ಟಾಗ ಎದ್ದವು. ಬಿ1 ಪತ್ತೆಗೆ ದಾರಿಮಾಡಿದ ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಡಿ3 ಕಥೆ ಬೇರೆ: ಅದಕ್ಕೆ ನೇರ ಬಿಸಿಲು ಚರ್ಮಕ್ಕೆ ತಾಗಬೇಕು. ಗಾಜಿನ ಕಿಟಕಿಯಿಂದ ಬಂದ ಬೆಳಕು ಲೆಕ್ಕಕ್ಕಿಲ್ಲ.

ಬಿ ಗುಂಪಿನ ಕೊರತೆಗೆ ಕೋಳಿಗಳ ಬಿ-ಕಾಂಪ್ಲೆಕ್ಸ್ ದ್ರಾವಣವನ್ನು ಲೇಬಲ್ ಪ್ರಕಾರ 5–7 ದಿನ ಕೊಡಿ. ಸಿಗದಿದ್ದರೆ, ಒಂದೂವರೆ–ಎರಡು ಕಿಲೋ ತೂಕದ ಹೇಂಟೆಗೆ ಮನುಷ್ಯರ ಬಿ-ಕಾಂಪ್ಲೆಕ್ಸ್ ಮಾತ್ರೆಯ ಕಾಲು ಭಾಗ ಪುಡಿಮಾಡಿ, ದಿನಕ್ಕೊಮ್ಮೆ, ಒಂದು ಚಮಚ ಬೇಯಿಸಿದ ಮೊಟ್ಟೆಯ ಹಳದಿಗೆ ಕಲಸಿ ತಿನ್ನಿಸಬಹುದು. ಕಬ್ಬಿಣ ಸೇರಿದ ಮಾತ್ರೆ ಬೇಡ. ನೀರಿಗೆ ಬೆರೆಸುವುದಾದರೆ ಬೆಳಕು ತಾಗದ ಪಾತ್ರೆಯಲ್ಲಿ ಬೆರೆಸಿ ದಿನವೂ ಬದಲಿಸಿ, ಏಕೆಂದರೆ ಬಿ2 ಬೆಳಕಿಗೆ ಕೆಡುತ್ತದೆ. ರಕ್ತಭೇದಿಗೆ ಆಂಪ್ರೋಲಿಯಂ ಕೊಡುತ್ತಿದ್ದರೆ ವೈದ್ಯರಿಗೆ ಹೇಳಿ. ಅದು ಕೆಲಸ ಮಾಡುವುದೇ ಬಿ1ಗೆ ಅಡ್ಡಹಾಕಿ. ಬಹಳ ದಿನ ಕೊಟ್ಟರೆ ಕೋಳಿಗೂ ಕೊರತೆ, ಜೊತೆಗೇ ಬಿ1 ಕೊಟ್ಟರೆ ಔಷಧಿ ದಂಡ.

ಮೊಟ್ಟೆಯಿಡುವ ಹೇಂಟೆಗೆ 500 ಮಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ3 ಇರುವ ಮಾತ್ರೆಯನ್ನು ಎರಡು ತುಂಡು ಮಾಡಿ, ದಿನಕ್ಕೊಂದು ಮಾತ್ರೆಯಂತೆ ಮೂರು ದಿನ ಕೊಡಿ. ಇನ್ನೂ ಮೊಟ್ಟೆಯಿಡದ ಎಳೆ ಹೇಂಟೆಗೂ ಹುಂಜಕ್ಕೂ ಇದು ಬೇಡ, ಮೂತ್ರಪಿಂಡ ಹಾಳಾಗುತ್ತದೆ. ಮನೆಯಲ್ಲಿ ಉಳಿದ 60,000 ಯೂನಿಟ್‌ನ ಡಿ3 ಪುಡಿಯನ್ನಂತೂ ಮುಟ್ಟಲೇಬೇಡಿ: ಕೋಳಿಗೆ ದಿನಕ್ಕೆ ಬೇಕಾಗುವುದು ಕೆಲವು ನೂರು ಯೂನಿಟ್, ಹೆಚ್ಚಾದದ್ದು ಮೈಯಲ್ಲೇ ಉಳಿದು ವಿಷವಾಗುತ್ತದೆ.

ಮಲಗಿಸಲು ರಟ್ಟಿನ ಪೆಟ್ಟಿಗೆ, ಕೆಳಗೆ ಮೂರು ಇಂಚು ಒಣ ಉಮಿ. ಟವೆಲನ್ನು ಸಿಂಬಿಯಂತೆ ಸುತ್ತಿ ನಡುವೆ ಕೂರಿಸಿದರೆ ಪಕ್ಕಕ್ಕೆ ವಾಲುವುದಿಲ್ಲ, ಎದೆಮೂಳೆಯ ಮೇಲೆ ಹುಣ್ಣಾಗುವುದಿಲ್ಲ. ಮೂರು–ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಕ್ಕೆ ಅಂಟಿದ್ದರೆ ಒರೆಸಿ. ನೀರನ್ನು ಸಿರಿಂಜ್‌ನಿಂದ ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಬಿಡಿ. ನಾಲಿಗೆಯ ಬುಡದಲ್ಲೇ ಉಸಿರಿನ ದಾರಿ ಇರುವುದರಿಂದ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿ ನೀರಿನ ಬಟ್ಟಲನ್ನು ಕೊಕ್ಕಿಗೆ ಎಟುಕದಂತೆ ಇಟ್ಟು, ಬಾಯಾರಿ ಸತ್ತ ಕೋಳಿಗಳೂ ಉಂಟು.

ಬಿ1 ಕೊರತೆಯಾದರೆ ಕೆಲವೇ ಗಂಟೆಗಳಲ್ಲಿ ಕುತ್ತಿಗೆ ನೇರವಾಗತೊಡಗುತ್ತದೆ. ಕ್ಯಾಲ್ಸಿಯಂ ಕೊರತೆಗೆ ಕೆಲವು ದಿನ ಬೇಕು. ಹಲವು ವಾರ ಮುಷ್ಟಿ ಕಟ್ಟಿದ ಬೆರಳು ನರ ಸತ್ತಿದ್ದರೆ ತೆರೆಯುವುದಿಲ್ಲ. ಮೂರು ದಿನಕ್ಕೂ ಏನೂ ಸುಧಾರಿಸದಿದ್ದರೆ ನಿಮ್ಮ ಊಹೆ ತಪ್ಪಿರಬಹುದು, ಪಶುವೈದ್ಯರನ್ನು ಕಾಣಿ.

ಮಾತ್ರೆ ಎಬ್ಬಿಸಿದ ಕೋಳಿಯನ್ನು ನಿಲ್ಲಿಸುವುದು ಮೇವು. ಮೊಟ್ಟೆಯ ಕೋಳಿಗೆ 3.5–4 ಶೇಕಡಾ ಕ್ಯಾಲ್ಸಿಯಂ ಇರುವ ಲೇಯರ್ ಫೀಡ್ ದಿನಕ್ಕೆ 110–120 ಗ್ರಾಂ. ಬ್ರಾಯ್ಲರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ಸುಮಾರು ಒಂದು ಶೇಕಡಾ ಮಾತ್ರ, ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಹೋಗುತ್ತದೆ. ಪುಡಿ ಮಾಡಿದ ಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅದೇ ತಿನ್ನುತ್ತದೆ. ಅಕ್ಕಿಯೇ ಮುಖ್ಯ ಮೇವಾದರೆ ಮಿಲ್ಲಿನ ತೌಡು, ನುಗ್ಗೆ ಸೊಪ್ಪು ಸೇರಿಸಿ. ತೌಡನ್ನು ವಾರಕ್ಕಾಗುವಷ್ಟೇ ತನ್ನಿ. ಕಮಟು ಹಿಡಿದ ತೌಡು ಇರುವ ವಿಟಮಿನ್ ಇ ಅನ್ನೂ ಕೆಡಿಸುತ್ತದೆ. ಬೂಸ್ಟು ಬಂದ ಜೋಳವನ್ನು ಒಣಗಿಸಿ ಕೊಡುವ ಅಭ್ಯಾಸ ಬಿಡಿ, ಬಿಸಿಲಿಗೆ ಬೂಸ್ಟು ಉದುರಿದರೂ ಅದರ ವಿಷ ಉದುರುವುದಿಲ್ಲ.

ಎದ್ದು ನಡೆದ ಮೇಲೂ ಎರಡು ದಿನ ಬೇರೆಯೇ ಇಡಿ. ಗುಂಪಿಗೆ ಸೇರಿಸುವುದನ್ನು ಕತ್ತಲಾದ ಮೇಲೆ ಮಾಡಿದರೆ ಕುಕ್ಕುವುದು ಕಡಿಮೆ. ಗಿರಿರಾಜದಂಥ ಭಾರದ ಕೋಳಿಯಾದರೆ ಕೂರುವ ಕೋಲನ್ನು ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಕಟ್ಟಬೇಡಿ.